ಬಲತೋಳಿನ ಅಳತೆ

ಮೂಡಲಗಿ
೨೮–೫–೧೯೩೬

ತಾಯಿಯ ಸ್ಥಾನದಲ್ಲಿರುವ ಗೌರಕ್ಕನವರಿಗೆ ತವರಿನಿಂದ ಕಾಶೆವ್ವ ಮಾಡುವ ಶರಣಾರ್ಥಿ.

ನಾಗನೂರಿನ ವೈದ್ಯರ ಕಷಾಯವನ್ನು ನೀವು ಹೇಳಿದಂತೆ ದಿನಾಲು ಬೆಳಿಗ್ಗೆ ಕುಡಿಯುತ್ತಿದ್ದೇನೆ. ಇದರ ಮುಂದೆ ಬೇವಿನ ಸೊಪ್ಪು ಸಕ್ಕರೆ ಅನ್ನಬೇಕು. ಆದರೆ ಮದುವೆಯಾಗಿ ಆರು ವರ್ಷವಾದರೂ ಮಡಿಲು ತುಂಬದವಳು ಕಹಿಗೆ ಮುಖ ಕಿವಿಚಿದರೆ ಹೇಗೆ? ಮದ್ದು ಮುಗಿದ ಮೇಲೆ ಕರೆಸಿಕೊಳ್ಳುತ್ತೇನೆ ಎಂದಿದ್ದೀರಿ. ಆ ಒಂದು ಮಾತನ್ನೇ ನಂಬಿ ಇಲ್ಲಿ ಕುಳಿತಿದ್ದೇನೆ.

ಚನ್ನಿ ಹೇಗಿದ್ದಾಳೆ? ನಿಮ್ಮ ಮೊಣಕಾಲು ನೋವಿನಲ್ಲಿ ಅಡುಗೆಮನೆ ನೋಡುವವರು ಯಾರು ಎಂದು ನೀವು ಕೇಳಿದಾಗ ನನ್ನ ತಂಗಿಯನ್ನೇ ಕಳಿಸುತ್ತೇನೆ ಎಂದವಳು ನಾನು. ಆಕೆ ರೊಟ್ಟಿ ಬಡಿಯುತ್ತ ಹಾಡುತ್ತಾಳೆ, ಹಾಡಿನಲ್ಲಿ ಮೈಮರೆತು ರೊಟ್ಟಿ ಸುಡುತ್ತಾಳೆ. ಬಯ್ಯಿರಿ, ಹೊಡೆಯಬೇಡಿರಿ. ಅವ್ವ ಸತ್ತಾಗ ಆಕೆ ತೊಟ್ಟಿಲ ಕೂಸು, ನಾನೇ ಎತ್ತಿ ಆಡಿಸಿದ್ದು.

ಅಪ್ಪ ನಿನ್ನೆ ಗೋಕಾಕದಿಂದ ಬಂದ. ಹತ್ತಿಬೀಜ ತರುತ್ತೇನೆಂದು ಹೋದವನು ನಾಲ್ಕೈದು ದಿನ ಅಲ್ಲಿಯೇ ಉಳಿದ, ಬೀಜವನ್ನೂ ತರಲಿಲ್ಲ. ಹೆಗಲ ಮೇಲಿನ ವಸ್ತ್ರಕ್ಕೆ ಅರಿಶಿನ ಹತ್ತಿತ್ತು. ಕೇಳಿದರೆ, “ಯಾರದೋ ಮದವಿ ಇತ್ತವಾ, ಕರದ್ರು, ಹೋದೆ” ಎಂದ. ಮುಖ ಬೇರೆ ಕಡೆ ಮಾಡಿಕೊಂಡು ಒಂದು ಗಂಟು ಕೊಟ್ಟ. ಬಿಚ್ಚಿದರೆ ಉಣ್ಣೆ! ಅಡಿಕೆ ಬಣ್ಣದ, ಕೆನ್ನೆಗೆ ಒತ್ತಿಕೊಳ್ಳಬೇಕು ಅನ್ನಿಸುವಂಥ ಉಣ್ಣೆ. ಎರಡು ವರ್ಷದಿಂದ ಕೇಳುತ್ತಿದ್ದೆ. ಒಂದು ತೆಂಗಿನಕಾಯಿಗೆ ಅರ್ಧ ತಾಸು ಚೌಕಾಸಿ ಮಾಡುವ ಅಪ್ಪ ಇಷ್ಟು ದುಬಾರಿಯದನ್ನು ಕೇಳದೆ ತಂದನಲ್ಲ ಎಂದು ನನಗೆ ಅಳು ಬಂತು.

ಇದರಲ್ಲಿ ನಿಮ್ಮ ತಮ್ಮನವರಿಗೆ ಒಂದು ಸ್ವೆಟರ್ ಹೆಣೆಯುತ್ತೇನೆ. ಗೋಕಾಕದ ಹೆಣ್ಣುಮಕ್ಕಳ ಸಾಲೆಯಲ್ಲಿ ಪಾಠ ಹೇಳುವ ಬಾಯಿಯವರು ಕಲಿಸಿದ್ದು ಕೈಯಲ್ಲಿ ಇನ್ನೂ ಇದೆ. ಮಾಗಿಯ ಚಳಿಯಲ್ಲಿ ಅಂಗಡಿಯ ಬಾಗಿಲು ತೆಗೆಯುವಾಗ ಅವರಿಗೆ ಎದೆ ಹಿಡಿಯುತ್ತದೆ. ಅಳತೆ ಬೇಡ, ನನಗೆ ಗೊತ್ತಿದೆ.

ನಿಮ್ಮ
ಕಾಶೆವ್ವ


ಹುಕ್ಕೇರಿ
೧೪–೬–೧೯೩೬

ಕಾಶೆವ್ವನಿಗೆ ಗೌರವ್ವನ ಆಶೀರ್ವಾದ.

ಕಾಗದ ಮುಟ್ಟಿತು. ಚನ್ನವ್ವನ ಚಿಂತೆ ಬಿಡು. ಆಕೆ ಈ ಮನೆಗೆ ಎಷ್ಟು ಒಗ್ಗಿಕೊಂಡಿದ್ದಾಳೆಂದರೆ, ನೀನೂ ಇಲ್ಲಿ ಇದ್ದೆ ಎಂಬುದನ್ನು ನಾವು ನೆನಪು ಮಾಡಿಕೊಳ್ಳಬೇಕು. ರೊಟ್ಟಿ ಸುಡುವುದಿಲ್ಲ. ನನ್ನ ತಮ್ಮ ಶೆಟ್ಟೆಪ್ಪ ಈಗ ಅಂಗಡಿಗೆ ಬುತ್ತಿ ಒಯ್ಯುವುದನ್ನು ಬಿಟ್ಟು ಮಧ್ಯಾಹ್ನ ಬಿಸಿ ರೊಟ್ಟಿಗೆ ಮನೆಗೇ ಬರುತ್ತಾನೆ. ನಿನ್ನ ಕಾಲದಲ್ಲಿ ಬರುತ್ತಿರಲಿಲ್ಲ. ನಿನ್ನ ತಪ್ಪು ಅನ್ನುವುದಿಲ್ಲ, ಆಗಿನ ಜೋಳ ಹಾಗಿತ್ತು ಅನ್ನೋಣ.

ಸ್ವೆಟರ್ ಅಂತೀ. ಹೆಣೆಯವ್ವ. ಆರು ವರ್ಷದಲ್ಲಿ ಸಣ್ಣ ಅಂಗಿ ಹೊಲಿಯುವ ಯೋಗ ಬರಲಿಲ್ಲ, ದೊಡ್ಡದನ್ನಾದರೂ ಹೆಣೆ. ಒಂದು ಮಾತು ಕೊಡುತ್ತೇನೆ. ಅದು ಅವನ ಮೈಗೆ ಸರಿಯಾಗಿ ಕೂತ ದಿನ, ಅದನ್ನೇ ತೊಟ್ಟುಕೊಂಡು ಶೆಟ್ಟೆಪ್ಪ ನಿನ್ನನ್ನು ಕರೆಯಲು ಮೂಡಲಗಿಗೆ ಬರುತ್ತಾನೆ. ಆಯಿತೆ? ಈಗ ಸುಮ್ಮನೆ ಕೂತು ಹೆಣೆ. ತಿಂಗಳಿಗೆರಡು ಕಾಗದ ಬರೆದು ಟಪಾಲಿನವನ ಕಾಲು ಸವೆಸಬೇಡ.

ಗೌರವ್ವ


ಮೂಡಲಗಿ
೨೬–೭–೧೯೩೬

ಗೌರಕ್ಕನವರಿಗೆ ಶರಣಾರ್ಥಿ.

ಸ್ವೆಟರ್ ಮುಗಿಯಿತು. ಮೆಣಸಿನಕಾಯಿ ವ್ಯಾಪಾರಕ್ಕೆ ನಿಮ್ಮ ಕಡೆ ಬರುವ ನಮ್ಮ ಓಣಿಯ ಪರಪ್ಪ ಕಾಕಾನ ಕೈಯಲ್ಲಿ ಕಳಿಸಿದ್ದೇನೆ. ಬಗಲಿನ ಹತ್ತಿರ ಹೆಣಿಕೆ ಸ್ವಲ್ಪ ಬಿಗಿ, ಎರಡು ಸಲ ತೊಟ್ಟರೆ ಹದಕ್ಕೆ ಬರುತ್ತದೆ. ಅವರು ತೊಟ್ಟು ಏನೆಂದರು, ಒಂದೇ ಮಾತಾದರೂ ಬರೆಯಿರಿ.

ಪಂಚಮಿಗೆ ಚನ್ನಿಯನ್ನು ಯಾಕೆ ಕಳಿಸಲಿಲ್ಲ? ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದಿದ್ದರು. ನಾನು ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿ ಕಾದೆ. ಆಕೆ ಎಂಟು ವರ್ಷದವಳಿದ್ದಾಗ ಇದೇ ಜೋಕಾಲಿಯಿಂದ ಬಿದ್ದು ಬಲಗೈ ಮುರಿದುಕೊಂಡಿದ್ದಳು. ಮಸಗುಪ್ಪಿಯ ಎಲುಬು ಕೂಡಿಸುವವನ ಮನೆಗೆ ನಾನೇ ಬೆನ್ನ ಮೇಲೆ ಹೊತ್ತುಕೊಂಡು ಹೋಗಿದ್ದೆ. ಆತ ಕಟ್ಟಿದ ರೀತಿಗೆ ಆ ತೋಳು ಇವತ್ತಿಗೂ ಒಂದು ಬೆರಳು ಗಿಡ್ಡ. ಅದು ಕಾಣದಂತೆ ಆಕೆಯ ಕುಬಸಗಳನ್ನೆಲ್ಲ ನಾನೇ ಹೊಲಿಯುತ್ತಿದ್ದೆ. ಈ ವರ್ಷ ಜೋಕಾಲಿ ಗಾಳಿಗೆ ತಾನೇ ಆಡಿತು.

ಯಾಕೆ ಒಂದು ಸಾಲೂ ಬರೆಯುವುದಿಲ್ಲ ಆಕೆ? ಅಕ್ಷರ ಮರೆತಳೇನು?

ಕಾಶೆವ್ವ


ಹುಕ್ಕೇರಿ
೬–೯–೧೯೩೬

ಕಾಶೆವ್ವನಿಗೆ,

ಸ್ವೆಟರ್ ವಾಪಸು ಕಳಿಸಿದ್ದೇನೆ. ಬಿಗಿಯಾಗಿದೆ. ಶೆಟ್ಟೆಪ್ಪ ತಲೆ ತೂರಿಸಿ, ಕೈ ತೂರಿಸಿ, ಕಡೆಗೆ, “ಏ ಅಕ್ಕಾ, ಇದೇನ ಅಂಗೀನೋ ಬೇಡೀನೋ? ಉಸರ ಕಟ್ಟತೈತಿ, ತಗಿ” ಎಂದು ಒದರಿದ. ನಾನೂ ಚನ್ನವ್ವನೂ ನಕ್ಕು ನಕ್ಕು ಸುಸ್ತಾದೆವು. ಗಂಡನ ಮೈಯಳತೆ ಗೊತ್ತು ಎಂದು ಬರೆದಿದ್ದೆಯಲ್ಲ! ನಿನ್ನ ನೆನಪಿನಲ್ಲಿ ಅವನು ಬಡಕಲಾಗಿದ್ದಾನೆ. ಈಗ ಅವನ ಮೈಗೆ ಕಳೆ ಬಂದಿದೆ, ಹೊಟ್ಟೆ ತುಂಬ ಉಣ್ಣುತ್ತಾನೆ.

ಪೂರ್ತಿ ಬಿಚ್ಚಿ ದೊಡ್ಡದು ಮಾಡು. ಚನ್ನವ್ವ ಮನೆಗೆಲಸದಲ್ಲಿದ್ದಾಳೆ, ಬರೆಯಲು ಪುರುಸೊತ್ತಿಲ್ಲ. ಹಬ್ಬ ಮುಂದಿನ ವರ್ಷವೂ ಬರುತ್ತದೆ.

ಗೌರವ್ವ


ಮೂಡಲಗಿ
೩೦–೧೦–೧೯೩೬

ಗೌರಕ್ಕನವರಿಗೆ ಶರಣಾರ್ಥಿ.

ಬಿಚ್ಚಿದೆ. ಹೆಣೆದದ್ದು ಎರಡು ತಿಂಗಳು, ಬಿಚ್ಚಿದ್ದು ಒಂದು ಮಧ್ಯಾಹ್ನ. ನೀರಿನಲ್ಲಿ ಅದ್ದಿ, ಕಲ್ಲು ಕಟ್ಟಿ ತೂಗುಹಾಕಿ ಎಳೆಗಳ ಸುರುಳಿ ಬಿಡಿಸಿದೆ. ಈಗ ಎದೆ ಅಗಲ ಮಾಡಿದ್ದೇನೆ. ಕಣ್ಣು ಮುಚ್ಚಿ ಎರಡು ತೋಳನ್ನೂ ಅವರ ಸುತ್ತ ಹಾಕಿದಂತೆ ಮಾಡಿ, ಅದಕ್ಕಿಂತ ನಾಲ್ಕು ಬೆರಳು ಹೆಚ್ಚು ಹಿಡಿದೆ. ಇದನ್ನು ನಿಮಗೆ ಬರೆಯಲು ನಾಚಿಕೆಯಾಗುತ್ತದೆ. ಆದರೆ ಈ ಸಲ ಸರಿಯಾಗದಿದ್ದರೆ ನನ್ನ ಗತಿ ಏನು ಎಂಬ ಭಯ ನಾಚಿಕೆಗಿಂತ ದೊಡ್ಡದು.

ಮದ್ದು ದಸರೆಗೆ ಮುಗಿಯಿತು. ಮೈ ಹಗುರಾಗಿದೆ, ಮುಖದಲ್ಲಿ ರಕ್ತ ತುಂಬಿದೆ ಎಂದು ಬಾಜೂ ಮನೆಯ ಕೆಂಪವ್ವ ಅನ್ನುತ್ತಾಳೆ. ದೀಪಾವಳಿಗೆ ಅವರು ಬರುತ್ತಾರೆಂದು ಅವರಿಗೆ ಸೇರುವ ಕರದಂಟು ತರಿಸಿಟ್ಟಿದ್ದೇನೆ.

ಪರಪ್ಪ ಕಾಕಾ ಗಂಟು ತೆಗೆದುಕೊಳ್ಳುವಾಗ ಬಹಳ ಹೊತ್ತು ನಿಂತ. “ಕಾಶವ್ವಾ, ಚಳಿ ನಿನಗೂ ಹತ್ತತೈತಿ. ಇದರಾಗ ನಿನಗೊಂದ ಹೆಣಕೋಬಾರದೇನು?” ಎಂದ.

ಕಾಶೆವ್ವ


ಹುಕ್ಕೇರಿ
೨೦–೧೧–೧೯೩೬

ಕಾಶೆವ್ವನಿಗೆ,

ಈ ಸಲ ಸಡಿಲವಾಯಿತು, ಸ್ವೆಟರ್ ಮತ್ತೆ ವಾಪಸು ಕಳಿಸಿದ್ದೇನೆ. ಇನ್ನೊಬ್ಬರೂ ಒಳಗೆ ಹೊಗಬಹುದು. ನಿನಗೆ ಹದ ಎಂಬುದೇ ಇಲ್ಲವಲ್ಲೇ, ಒಂದೋ ಕತ್ತು ಹಿಸುಕುತ್ತೀ, ಇಲ್ಲವೋ ಕೈಬಿಡುತ್ತೀ.

ನಿನ್ನ ನೆನಪಿನ ಅಳತೆ ಸಾಕು. ನಾನೇ ದಾರ ಹಿಡಿದು ಅಳೆದು, ದಾರ ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ. ಕೆಂಪು ದಾರ ಎದೆಗೆ. ಬಿಳಿಯದು ಎಡತೋಳಿಗೆ. ಹಳದಿ ಬಲತೋಳಿಗೆ. ಕರಿಯದು ಹೊಟ್ಟೆಯ ಸುತ್ತಿಗೆ, ಆದರೆ ಅದಕ್ಕೆ ಇನ್ನೂ ಒಂದು ಗೇಣು ಸಡಿಲ ಬಿಡು, ಹೊಟ್ಟೆ ಬೆಳೆಯುತ್ತಾ ಇದೆ. ಮುಂದೆ ಗುಂಡಿ ಇರಲಿ. ಮಾಗಿಯ ಚಳಿಯೊಳಗೆ ಮುಟ್ಟಬೇಕು.

ಗೌರವ್ವ


ಮೂಡಲಗಿ
೨೭–೧೧–೧೯೩೬

ಗೌರಕ್ಕನವರಿಗೆ,

ನಾಲ್ಕು ದಾರ ಮುಟ್ಟಿದವು. ಹಾಸಿಗೆಯ ಮೇಲೆ ಸಾಲಾಗಿ ಇಟ್ಟುಕೊಂಡು ನೋಡಿದೆ.

ಎದೆ ಇಷ್ಟು ಸಣ್ಣದು, ಹೊಟ್ಟೆ ಅಷ್ಟು ದೊಡ್ಡದು ಎಂದು ಮೊದಲು ನಗು ಬಂತು. ಕುಂತು ವ್ಯಾಪಾರ ಮಾಡುವವರಿಗೆ ಹೊಟ್ಟೆ ಬರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಬಿಳಿಯ ದಾರದ ಪಕ್ಕ ಹಳದಿಯದನ್ನು ಇಟ್ಟೆ. ಹಳದಿಯದು ಒಂದು ಬೆರಳು ಗಿಡ್ಡ.

ನಿಮ್ಮ ತಮ್ಮನವರ ಎರಡು ತೋಳೂ ಸಮ ಇವೆ. ಬಲತೋಳು ಒಂದು ಬೆರಳು ಗಿಡ್ಡ ಇರುವ ಮೈ ನನಗೆ ಗೊತ್ತಿರುವುದು ಒಂದೇ. ಅದನ್ನು ಬೆನ್ನ ಮೇಲೆ ಹೊತ್ತಿದ್ದೇನೆ.

ಅಪ್ಪ ಉಣ್ಣುತ್ತಿದ್ದ. ದಾರ ಅವನ ತಾಟಿನ ಪಕ್ಕ ಇಟ್ಟು, “ಗೋಕಾಕದಾಗ ಯಾರ ಮದವಿ ಇತ್ತಪಾ?” ಎಂದು ಕೇಳಿದೆ. ತುತ್ತು ಕೈಯಲ್ಲೇ ನಿಂತಿತು. “ಗೋಕಾಕಲ್ಲವಾ, ಹುಕ್ಕೇರಿ” ಎಂದ. ಆಮೇಲೆ, “ಹೊರಗಿನಾಕಿ ಬಂದು ನಿನ್ನ ಹೊರಗ ಹಾಕೂದಕ್ಕಿಂತ ನಿನ್ನ ತಂಗೀನ ಛಲೋ ಅಲ್ಲೇನು? ಮನಿಯಾಗಿಂದು ಮನಿಯಾಗ ಉಳೀತೈತಿ” ಎಂದು ಕೈ ತೊಳೆದುಕೊಂಡು ಹೊಲಕ್ಕೆ ಹೋದ. ಓಣಿಗೆಲ್ಲ ಗೊತ್ತಿತ್ತಂತೆ. ಆರು ತಿಂಗಳಿಂದ ನೀರಿಗೆ ಹೋದಾಗ ನನ್ನೊಡನೆ ನಗುತ್ತ ಮಾತಾಡಿದವರಿಗೆಲ್ಲ ಗೊತ್ತಿತ್ತಂತೆ.

ನೀವೇ ನಿಮ್ಮ ಕೈಯಿಂದ ಬರೆಯಿರಿ. ನಾನು ಆ ಮನೆಗೆ ಯಾರು?

ಕಾಶೆವ್ವ


ಹುಕ್ಕೇರಿ
೬–೧೨–೧೯೩೬

ಕಾಶೆವ್ವನಿಗೆ,

ತಿಳಿಯಿತಲ್ಲ, ಒಳ್ಳೆಯದಾಯಿತು. ಎರಡು ತೋಳಿಗೆ ಎರಡು ದಾರ ಕಳಿಸಿದ್ದು ಮರೆತು ಅಂದುಕೊಂಡೆಯಾ? ನನಗೂ ಸುಳ್ಳು ಬರೆದು ಬರೆದು ಬೇಸರ ಬಂದಿತ್ತು. ಬಾಯಿಬಿಟ್ಟು ಹೇಳುವುದಕ್ಕಿಂತ ನಿನ್ನ ಕೈಗೇ ತಿಳಿಯಲಿ ಎಂದುಕೊಂಡೆ.

ಎಲ್ಲವನ್ನೂ ಕೇಳು. ಶೆಟ್ಟೆಪ್ಪ ನಿನ್ನ ಸ್ವೆಟರನ್ನು ತೊಟ್ಟಿಲ್ಲ. ಕಣ್ಣಿನಿಂದ ನೋಡಿಯೂ ಇಲ್ಲ. ಬಂದ ಗಂಟು ಬಂದಂತೆ ನನ್ನ ಪೆಟ್ಟಿಗೆಯಲ್ಲಿತ್ತು. ಬಿಗಿಯೂ ಇರಲಿಲ್ಲ, ಸಡಿಲವೂ ಇರಲಿಲ್ಲ. ನಿನ್ನ ಕೈಗೆ ಕೆಲಸವಿದ್ದರೆ ಕಾಲು ಇತ್ತ ಬರುವುದಿಲ್ಲ ಎಂದು ಬಿಚ್ಚಿಸಿದೆ. ಚನ್ನವ್ವನಿಗೆ ತಿಂಗಳು ತುಂಬುವವರೆಗೆ ಮನೆಯಲ್ಲಿ ಅಳು, ರಂಪ ಬೇಡವಾಗಿತ್ತು.

ನೀನು ಈ ಮನೆಗೆ ಯಾರು ಎಂದು ಕೇಳಿದ್ದೀ. ಹುಟ್ಟುವ ಕೂಸಿಗೆ ದೊಡ್ಡವ್ವ. ಅದು ದೊಡ್ಡದಾದ ಮೇಲೆ ಬಂದು ನೋಡು, ಯಾರು ಬೇಡ ಅಂತಾರೆ?

ಸಂಕ್ರಾಂತಿಯ ಸುಮಾರಿಗೆ ಚನ್ನವ್ವನಿಗೆ ಏಳನೆಯ ತಿಂಗಳ ಕುಬಸದ ಕಾರ್ಯ. ಹಸಿರು ಸೀರೆ, ಬಳೆ, ಉಡಿಯ ಸಾಮಾನು ತವರಿನಿಂದ ಬರಬೇಕು. ನಿಮ್ಮಪ್ಪನ ಕೈಯಲ್ಲಿ ಕಳಿಸು. ನೀನು ಬರಬೇಡ, ಆ ಸಾಮಾನನ್ನು ಮುಟ್ಟಲೂ ಬೇಡ. ಬಂಜೆಯ ಕೈ ಬಸುರಿಯ ಉಡಿಗೆ ಸೋಕಬಾರದು. ನನ್ನ ಕೈಯೂ ಸೋಕುವಂತಿಲ್ಲ. ಗಂಡ ಸತ್ತವಳು ನಾನು, ಬಾಗಿಲ ಆಚೆ ನಿಲ್ಲುತ್ತೇನೆ. ಇಪ್ಪತ್ತು ವರ್ಷ ನಿಂತು ನನಗೆ ರೂಢಿಯಾಗಿದೆ, ನೀನೂ ರೂಢಿ ಮಾಡಿಕೋ.

ಸ್ವೆಟರ್ ಮಾತ್ರ ಬೇಗ ಕಳಿಸು. ಹುಡುಗಿ ಚಳಿಗೆ ನಡುಗುತ್ತಾಳೆ. ಉಣ್ಣೆ ಹೇಗೂ ಇದೆ, ಹಾಳಾಗಬಾರದು.

ಗೌರವ್ವ


ಮೂಡಲಗಿ
೩–೧–೧೯೩೭

ಗೌರಕ್ಕನವರಿಗೆ ಶರಣಾರ್ಥಿ.

ಸ್ವೆಟರ್ ಕಳಿಸಿದ್ದೇನೆ. ನೀವು ಕೊಟ್ಟ ಅಳತೆಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಹೊಟ್ಟೆಗೆ ಒಂದು ಗೇಣು ಸಡಿಲ ಬಿಟ್ಟಿದ್ದೇನೆ. ಕುಬಸದ ದಿನ ತೊಡಿಸಿರಿ. ನಾನು ಬರುವುದಿಲ್ಲ.

ಕಾಶೆವ್ವ


ಹುಕ್ಕೇರಿ
೧೬–೧–೧೯೩೭

ನನ್ನ ಅಕ್ಕನಿಗೆ, ನಿನ್ನ ಚನ್ನಿ ನಿನ್ನ ಕಾಲಿಗೆ ಎಷ್ಟು ಸಲ ಬಿದ್ದರೂ ಸಾಲದು.

ಬರೆಯಲು ಎಷ್ಟು ಸಲ ಕೂತೆ. ‘ಅಕ್ಕಾ’ ಎಂದು ಬರೆದ ಮೇಲೆ ಕೈ ಮುಂದೆ ಹೋಗುತ್ತಿರಲಿಲ್ಲ. ಇವತ್ತು ಹೋಗುತ್ತಿದೆ, ಯಾಕೆಂದರೆ ನಿನ್ನ ಸ್ವೆಟರ್ ನನ್ನ ಮೈಮೇಲಿದೆ.

ಕುಬಸ ಚೆನ್ನಾಗಿ ಆಯಿತು. ಓಣಿಯ ಹೆಂಗಸರು ಸ್ವೆಟರ್ ಮುಟ್ಟಿ ಮುಟ್ಟಿ ನೋಡಿದರು. ಒಬ್ಬಾಕೆ, “ಎಡಗೈಯೂ ಬಲಗೈಯೂ ಮಣಿಕಟ್ಟಿಗೆ ಸರೀ ಬಂದಾವಲ್ಲ, ಯಾರ ಹೆಣದ್ರವಾ?” ಎಂದಳು. ನಮ್ಮಕ್ಕ ಎಂದೆ. ಅಕ್ಕಾ, ಈ ಹೆಣಿಕೆ ನೋಡಿದರೆ ನೀನು ನನ್ನನ್ನು ಕ್ಷಮಿಸಿದ್ದೀ ಎಂದು ಅನ್ನಿಸುತ್ತದೆ. ಸಿಟ್ಟಿದ್ದವರ ಕೈಯಿಂದ ಇಷ್ಟು ಚಂದ ಬರುವುದಿಲ್ಲ.

ಮದುವೆಗೆ ಬೇಡ ಅಂದೆ ಅಕ್ಕಾ, ಖರೆ. ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಅಪ್ಪ ಬಂದು ಎದುರಿಗೆ ಕೂತು ಅತ್ತ. ದೀಪಾವಳಿ ಆದ ಮೇಲೆ ಗೌರಕ್ಕ ದಾರ ಹಿಡಿದುಕೊಂಡು ಬಂದಾಗ ಯಾಕೆ ಎಂದು ನಾನು ಕೇಳಲಿಲ್ಲ. ತೋಳು ಚಾಚಿದೆ. ಅದು ನನ್ನ ತಪ್ಪು.

ಕೂಸು ಒದೆಯುತ್ತದೆ. ಸ್ವೆಟರಿನ ಮೇಲಿಂದಲೂ ಕಾಣುತ್ತದೆ. ಮೈಯಿಂದ ತೆಗೆಯುವುದೇ ಇಲ್ಲ ನಾನು.

ನಿನ್ನ
ಚನ್ನಿ


ಮೂಡಲಗಿ
೨೦–೧–೧೯೩೭

ಗೌರಕ್ಕನವರಿಗೆ,

ಕುಬಸ ಚೆನ್ನಾಗಿ ಆಯಿತೆಂದು ತಿಳಿಯಿತು. ನಿಮ್ಮ ಮಾತು ನಾನು ಮೀರಲಿಲ್ಲ. ಸೀರೆಯನ್ನು ಅಪ್ಪ ತಂದ, ಬಳೆ ಆರಿಸಿದವಳು ಕೆಂಪವ್ವ, ಉಡಿಯಕ್ಕಿಯನ್ನು ಆಕೆಯೇ ಕಟ್ಟಿದಳು. ನಾನು ದೂರ ಕೂತು ನೋಡಿದೆ. ಕೊರಳಿಗೆ ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ ಎಂದು ಮಠದಲ್ಲಿ ಕೇಳುತ್ತ ಬೆಳೆದವರು ನಾವು. ನನ್ನ ಕೈಗೆ ಮಾತ್ರ ಇದೆ ಎಂದು ನಿಮ್ಮಿಂದ ಕಲಿತೆ. ಇರಲಿ, ಹಿರಿಯರು ನೀವು, ಸುಳ್ಳು ಹೇಳುತ್ತೀರಾ?

ಅದಕ್ಕೇ ಒಂದು ಮಾತು ಕೇಳುತ್ತೇನೆ. ಸ್ವೆಟರ್ ಯಾರು ಮಾಡಿದ್ದು ಅಂದುಕೊಂಡಿರಿ?

ಸೀರೆಯನ್ನು ಮಗ್ಗ ನೇಯುತ್ತದೆ, ಕುಬಸವನ್ನು ಮಷೀನು ಹೊಲಿಯುತ್ತದೆ. ಹೆಣಿಕೆಗೆ ಎರಡು ಕಡ್ಡಿ ಮತ್ತು ಹೆಣೆಯುವವಳ ಬೆರಳು, ಅಷ್ಟೇ. ಅದರಲ್ಲಿರುವ ಒಂದೊಂದು ಕುಣಿಕೆಯೂ ನನ್ನ ತೋರುಬೆರಳಿನ ಮೇಲೆ ಹಾದು ಹೋಗಿದೆ. ನೀವು ಎರಡು ಸಲ ಬಿಚ್ಚಿಸಿದ್ದರಿಂದ ಒಂದೊಂದು ಎಳೆಯನ್ನೂ ಮೂರು ಮೂರು ಸಲ ಮುಟ್ಟಿದ್ದೇನೆ. ಬಂಜೆಯ ಕೈ ಉಡಿಗೆ ಸೋಕಬಾರದು ಎಂದಿರಿ. ಆ ಕೈಯನ್ನೇ ನೀವು ಅಳತೆ ಕೊಟ್ಟು ತರಿಸಿ, ನಿಮ್ಮ ಮನೆಯ ಬಸುರಿಯ ಹೊಟ್ಟೆಗೆ ಸುತ್ತಿ, ಗುಂಡಿ ಹಾಕಿದ್ದೀರಿ. ಆಕೆ ಅದನ್ನು ಮೈಯಿಂದ ತೆಗೆಯುವುದೇ ಇಲ್ಲವಂತೆ.

ಈ ಕಾಗದವನ್ನು ಚನ್ನಿಗೂ ಓದಿ ಹೇಳಿರಿ.

ಕಾಶೆವ್ವ


ಹುಕ್ಕೇರಿ
೨೯–೧–೧೯೩೭

ಅಕ್ಕಾ,

ನಿನ್ನ ಕಾಗದ ಓದುತ್ತಾ ಓದುತ್ತಾ ಗೌರಕ್ಕನ ಮುಖ ಬೂದಿಯಾಯಿತು. “ತಗಿ ಅದನ್ನ! ಮೊದಲ ತಗಿ!” ಎಂದು ಮೈಮೇಲೆ ಬಿದ್ದು ಗುಂಡಿ ಕಿತ್ತಳು. ಬಚ್ಚಲ ಒಲೆಗೆ ಹಾಕಿದಳು. ಕೂದಲು ಸುಟ್ಟ ವಾಸನೆ ಮನೆಯಲ್ಲಿ ಇನ್ನೂ ಇದೆ. ನನ್ನನ್ನು ಮಠಕ್ಕೆ ಕರೆದೊಯ್ದು ವಿಭೂತಿ ಹಚ್ಚಿಸಿದಳು. ಮಠದ ಅಜ್ಜಾರು, “ಹುಚ್ಚವ್ವಗಳಿರಾ, ಏನೂ ಆಗೂದಿಲ್ಲ, ಹೋಗ್ರಿ” ಎಂದರು. ಗೌರಕ್ಕ ನಂಬಲಿಲ್ಲ. ನಾನೂ ನಂಬಲಿಲ್ಲ. ಇವರಿಗೆ ಹೇಳಿದರೆ, “ಹೆಂಗಸರ ಮಾತು ನಿಮ್ಮೊಳಗ ಇರ್ಲಿ” ಎಂದು ಅಂಗಡಿಗೆ ಹೋದರು.

ಅಂದಿನಿಂದ ಕೂಸು ಮೊದಲಿನಂತೆ ಒದೆಯುವುದಿಲ್ಲ. ಒದೆಯುತ್ತದೆ, ಆದರೆ ಮೊದಲಿನಂತೆ ಅಲ್ಲ. ಉಣ್ಣುವಾಗ, ಪಾತ್ರೆ ತೊಳೆಯುವಾಗ, ಹತ್ತು ಸಲ ಮುಟ್ಟಿ ನೋಡಿಕೊಳ್ಳುತ್ತೇನೆ. ನಿದ್ದೆಯಿಲ್ಲ.

ಅಕ್ಕಾ, ನನ್ನನ್ನು ಬಯ್ಯಿ. ನಾನು ನಿನ್ನ ಮನೆ ತೆಗೆದುಕೊಂಡೆ, ನಿನ್ನ ಗಂಡನನ್ನು ತೆಗೆದುಕೊಂಡೆ. ಕೂಸು ಏನು ಮಾಡಿದೆ? ಹೆಣೆಯುವಾಗ ಮನಸ್ಸಿನಲ್ಲಿ ಏನು ನೆನೆದೆ, ಅದೊಂದನ್ನು ಹೇಳು. ಕೆಟ್ಟದ್ದು ನೆನೆಯಲಿಲ್ಲ ಎಂಬ ಒಂದು ಮಾತು ನಿನ್ನ ಕೈಯಿಂದ ಬರಲಿ. ಅಜ್ಜಾರ ಮಾತು, ವೈದ್ಯರ ಮಾತು ನನಗೆ ಬೇಡ. ನಿನ್ನದೊಂದು ಮಾತು ಬಂದರೆ ನಾನು ನಿದ್ದೆ ಮಾಡುತ್ತೇನೆ.

ಟಪಾಲಿನವನ ದಾರಿ ಕಾಯುತ್ತಿದ್ದೇನೆ.

ಚನ್ನಿ


ಮೂಡಲಗಿ
೧೦–೨–೧೯೩೭

ಚನ್ನಿ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಉತ್ತರ ಬರೆಯಲು ಅವಸರವಿರಲಿಲ್ಲ. ಈಗ ಕಾಯುವವಳು ನಾನಲ್ಲ.

ಇಲ್ಲಿ ಜೋಳದ ಕೊಯ್ಲು ನಡೆದಿದೆ. ಅಪ್ಪ ಹೊಲದ ಗುಡಿಸಲಲ್ಲೇ ಮಲಗುತ್ತಾನೆ. ನನ್ನ ಮುಖ ನೋಡುವುದು ತಪ್ಪಿದರೆ ಅವನಿಗೆ ಅನ್ನ ಸೇರುತ್ತದೆ. ಕೆಂಪವ್ವನ ಎಮ್ಮೆ ಈದಿದೆ, ಒಂದು ತಂಬಿಗೆ ಗಿಣ್ಣದ ಹಾಲು ಕೊಟ್ಟಿದ್ದಳು. ನಿನಗೆ ಗಿಣ್ಣವೆಂದರೆ ಜೀವ. ಬೆಲ್ಲ ಹಾಕಿ ಕಾಸಿ ಪರಪ್ಪ ಕಾಕಾನ ಕೈಯಲ್ಲಿ ಕಳಿಸೋಣ ಎಂದುಕೊಂಡೆ. ಆಮೇಲೆ ನನ್ನ ಕೈ ನೆನಪಾಯಿತು. ನಾನೇ ತಿಂದೆ.

ಹತ್ತು ಸಲ ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತೇನೆ ಎಂದು ಬರೆದಿದ್ದೀ. ನಾನು ಆರು ವರ್ಷ ನೋಡಿಕೊಂಡೆ.

ಹೆಣೆಯುವಾಗ ಏನು ನೆನೆದೆ ಎಂದು ಕೇಳಿದ್ದೀಯಲ್ಲ, ಹೇಳುತ್ತೇನೆ. ಎಡತೋಳು ಹೆಣೆಯುವಾಗ ನೀನು ಸಾಲೆಗೆ ಹೋಗುವುದಿಲ್ಲವೆಂದು ಪಡಸಾಲೆಯ ಕಂಬ ತಬ್ಬಿ ಅಳುತ್ತಿದ್ದುದು ನೆನಪಾಯಿತು. ಬಲತೋಳು ಹೆಣೆಯುವಾಗ ಮಸಗುಪ್ಪಿಯ ದಾರಿ ನೆನಪಾಯಿತು. ಬೆನ್ನ ಮೇಲಿಂದ ನನ್ನ ಕಿವಿಗೆ ಬಾಯಿ ಹಚ್ಚಿ, “ಅಕ್ಕಾ, ನನ್ನ ಕೈ ನೀ ತಗೋ, ನಿಂದು ನನಗ ಕೊಡ” ಎಂದು ದಾರಿಯುದ್ದಕ್ಕೂ ಗೋಳಾಡಿದ್ದೆ. ತಗೋಳೇ, ತಗೋ ಎಂದಿದ್ದೆ ನಾನು. ಅದನ್ನು ನೆನೆದು ನಗು ಬಂತು, ಅಳುವೂ ಬಂತು. ಕಣ್ಣು ಒರೆಸಿಕೊಂಡು ಹೆಣೆದೆ. ಅಲ್ಲಿಯವರೆಗೆ ನನ್ನ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಲ್ಲ. ಲಿಂಗ ಮುಟ್ಟಿ ಹೇಳುತ್ತೇನೆ.

ಹೊಟ್ಟೆಯ ಭಾಗವನ್ನು ಕೊನೆಗೆ ಹೆಣೆದೆ. ಆಗ ಏನು ನೆನೆದೆ ಎಂಬುದು ನನಗೆ ಚೆನ್ನಾಗಿ ನೆನಪಿದೆ. ಬರೆಯುವುದಿಲ್ಲ.

ಕಾಗದದಲ್ಲಿ ಇನ್ನೂ ನಾಲ್ಕು ಬೆರಳು ಜಾಗ ಉಳಿದಿದೆ, ನೋಡು. ಹಾಗೇ ಇರಲಿ.

ನಿನ್ನ ಅಕ್ಕ
ಕಾಶೆವ್ವ